ಎಡ್ಮಂಡನ ಗಿಡ

ಎಡ್ಮಂಡನ ಗಿಡದಲ್ಲಿ ಅಚ್ಚಹಸಿರು ಕುಡಿಯೊಂದು ಮೂಡಿದ್ದನ್ನು ಮೊದಲು ಕಂಡವಳು ಸೋಫಿಯಾ. ಕಂಡವಳೇ ಅದಕ್ಕೆ ಅಡ್ಡವಾಗಿ ನಿಂತಳು. ಒಳಗಿನಿಂದ ಅತ್ತೆ ಬರುತ್ತಿದ್ದಳು.

"ಎಂತ ಬಾಯೆ, ಹುಳ ಬಿದ್ದಿದೆಯಾ?" ಕಾನ್ಸೆಪ್ಟಾಬಾಯಿ ಕೇಳಿದಳು.

"ಇಲ್ಲ ಮಾಯ್. ಎಲೆ ಒರೆಸ್ತಾ ಇದ್ದೆ."

"ಒರೆಸು. ಅವನಿಗೆ ಧೂಳು ಆಗುವುದಿಲ್ಲ."

ಅವನಿಗೆ ಎಂದರೆ ಗಿಡಕ್ಕೋ ಮಗನಿಗೋ ಎಂದು ಆ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ.

ಅದು ಅರವತ್ತಮೂರನೆಯ ಇಸವಿಯ ಮಳೆಗಾಲ. ಶಿರ್ವದ ಇಗರ್ಜಿಯ ಗಂಟೆ ಕೇಳುವಷ್ಟು ಹತ್ತಿರದಲ್ಲಿದ್ದ ಆ ಹಂಚಿನ ಮನೆಯಲ್ಲಿ ನಾಲ್ಕು ಜನ ಇದ್ದರು. ಯಜಮಾನಿ ಕಾನ್ಸೆಪ್ಟಾಬಾಯಿ, ಶಾಲೆಯಲ್ಲಿ ಮಾಸ್ತರನಾಗಿದ್ದ ದೊಡ್ಡ ಮಗ ಜೋಕಿಮ್, ಅವನ ಹೆಂಡತಿ ಆನಿ, ಮತ್ತೆ ಚಿಕ್ಕ ಮಗ ಎಡ್ಮಂಡನ ಹೆಂಡತಿ ಸೋಫಿಯಾ. ಎಡ್ಮಂಡ್ ಬೊಂಬಾಯಿಯಿಂದ ಹೊರಡುವ ಸರಕು ಹಡಗೊಂದರಲ್ಲಿ ಅಡುಗೆಯವನಾಗಿದ್ದ. ಮದುವೆಗೆಂದು ಊರಿಗೆ ಬಂದವನು ರಜೆ ಮುಗಿಯುವವರೆಗೆ ಹೆಂಡತಿಯ ಜೊತೆ ಇದ್ದು ಮತ್ತೆ ಹಡಗು ಹತ್ತಿದ. ಆ ಹಡಗು ಬರ್ಮಾದ ಆಚೆ ಗಾಳಿಗೆ ಸಿಕ್ಕಿ ಏನಾಯಿತೆಂದು ಯಾರಿಗೂ ತಿಳಿಯಲಿಲ್ಲ. ಹಡಗೂ ಸಿಗಲಿಲ್ಲ, ಜನರೂ ಸಿಗಲಿಲ್ಲ. ಕಂಪೆನಿಯವರು ತಂತಿ ಕಳಿಸಿದರು. ಅದೂ ಆಗಿ ವರ್ಷ ದಾಟಿತ್ತು.

ಆ ಗಿಡ ಅವನು ಮದುವೆಯ ರಜೆಗೆ ಬರುವಾಗ ಸಿಂಗಾಪುರದಿಂದ ಒದ್ದೆ ಟವೆಲ್ಲಿನಲ್ಲಿ ಸುತ್ತಿ ತಂದದ್ದು. ಹೆಸರು ಅವನಿಗೂ ಗೊತ್ತಿರಲಿಲ್ಲ. ವೀಳ್ಯದೆಲೆಯ ಬಳ್ಳಿಯ ಹಾಗೆ ಕೋಲಿಗೆ ಹಬ್ಬುತ್ತಿತ್ತು. ಆದರೆ ಎಲೆಯ ಮೇಲೆಲ್ಲ ಹಾಲು ಚೆಲ್ಲಿ ಒರೆಸದೆ ಬಿಟ್ಟ ಹಾಗೆ ಬಿಳಿ. ಒಂದು ಎಲೆಯಲ್ಲಿ ಅರ್ಧ, ಇನ್ನೊಂದರಲ್ಲಿ ಬರೀ ಹನಿಹನಿ. ಭಾನುವಾರ ಪೂಜೆ ಮುಗಿಸಿ ಹೋಗುವವರು ಅಂಗಳಕ್ಕೆ ಬಂದು ಮುಟ್ಟಿ ನೋಡಿ ಹೋಗುತ್ತಿದ್ದರು.

ಹೊರಡುವ ಮುಂಚೆ ಎಡ್ಮಂಡ್ ಸೋಫಿಯಾಳನ್ನು ಜಗಲಿಯಲ್ಲಿ ಕೂರಿಸಿಕೊಂಡು ಗಿಡದ ವಿಷಯ ಹೇಳಿಕೊಟ್ಟಿದ್ದ. "ಕತ್ತಲೆಯಲ್ಲಿ ಇಡಬೇಡ. ಸುಡುಬಿಸಿಲೂ ಬೇಡ. ಗೊಬ್ಬರ ಜಾಸ್ತಿ ಹಾಕಿದರೆ ಕೊಬ್ಬಿ ಹಸಿರಾಗ್ತದೆ. ಪೂರಾ ಹಸಿರು ಕುಡಿ ಬಂದರೆ ಬುಡಕ್ಕೇ ಕತ್ತರಿಸಿ ಬಿಸಾಡು. ಪಾಪ ಅಂತ ಬಿಟ್ಟರೆ ಅದೇ ಬೇಗ ಬೇಗ ಬೆಳೆದು ಬಿಳಿಯದ್ದನ್ನು ತಿಂದು ಹಾಕ್ತದೆ. ಮತ್ತೆ ಬೇಲಿಯಲ್ಲಿ ಇರುವ ಬಳ್ಳಿಗೂ ಇದಕ್ಕೂ ಎಂತ ವ್ಯತ್ಯಾಸ?" ಪಕ್ಕದಲ್ಲಿ ಹಲಸಿನ ಬೀಜ ಸುಲಿಯುತ್ತ ಕೂತಿದ್ದ ಕಾನ್ಸೆಪ್ಟಾಬಾಯಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ತಂತಿ ಬಂದ ವಾರವೇ ಆ ಗಿಡ ಒಂದು ಎಲೆ ಬಿಚ್ಚಿತು. ಮುಕ್ಕಾಲು ಬಿಳಿ. ಅಳುತ್ತಿದ್ದ ಮನೆಯ ನಡುವೆ ಕಾನ್ಸೆಪ್ಟಾಬಾಯಿ ಎದ್ದು ಹೋಗಿ ಅದನ್ನು ನೋಡಿ ಬಂದು, "ಅಳುವುದು ಸಾಕು. ಗಿಡ ಬಿಳಿ ಇರುವವರೆಗೆ ಅವನು ಉಂಟು" ಎಂದಳು. ಅಂದಿನಿಂದ ಮಗನ ವಿಷಯದಲ್ಲಿ ಅವಳು ಯಾರ ಮಾತನ್ನೂ ಕೇಳಲಿಲ್ಲ. ಮೃತರಿಗಾಗಿ ಪೂಜೆ ಹೇಳಿಸೋಣವೆಂದು ಪಾದ್ರಿಗಳೇ ಮನೆಗೆ ಬಂದು ಹೇಳಿದಾಗ, "ಬದುಕಿರುವವನ ಆತ್ಮಕ್ಕೆ ಪೂಜೆ ಹೇಳಿಸಿದರೆ ಪಾಪ ಯಾರಿಗೆ ಫಾದರ್, ನನಗಾ ನಿಮಗಾ?" ಎಂದು ಕೇಳಿ ಅವರನ್ನು ಚಹಾ ಕೊಟ್ಟು ಕಳಿಸಿದ್ದಳು.

ಹಸಿರು ಕುಡಿ ಕಂಡ ದಿನ ಅತ್ತೆ ಒಳಗೆ ಹೋದ ಮೇಲೆ ಸೋಫಿಯಾ ಹೊಲಿಗೆಯ ಕತ್ತರಿ ತಂದು ಅದನ್ನು ಬುಡಕ್ಕೇ ಕತ್ತರಿಸಿ, ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಹಟ್ಟಿಯ ಹಿಂದೆ ಎಸೆದಳು.

ಆ ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಐದು ಬಟ್ಟಲು. ಐದನೆಯದಕ್ಕೂ ಕುಚ್ಚಲಕ್ಕಿ ಅನ್ನ, ಮೀನಿನ ಸಾರು, ಮೀನಿನ ತಲೆಭಾಗ. ಎಡ್ಮಂಡನಿಗೆ ತಲೆಭಾಗ ಇಷ್ಟ. ಎಲ್ಲರೂ ಉಂಡು ಏಳುವವರೆಗೆ ಅದು ಹಾಗೆಯೇ ಆರುತ್ತಿತ್ತು. ಆಮೇಲೆ ಕಾನ್ಸೆಪ್ಟಾಬಾಯಿ ಅದನ್ನು ಎತ್ತಿಕೊಂಡು ಹೋಗಿ ನಾಯಿಗೆ ಹಾಕುತ್ತಿದ್ದಳು. ಮಳೆಗಾಲದಲ್ಲಿ ದೋಣಿ ಇಳಿಯದೆ ಮೀನು ಸಿಗದ ದಿನಗಳಲ್ಲಿ ಒಣಮೀನಿನ ಚಟ್ನಿಯಾದರೂ ಆ ಬಟ್ಟಲಿಗೆ ಬೀಳಲೇಬೇಕು.

ಆನಿಗೆ ಇದನ್ನು ನೋಡಿದರೆ ಮೈಯೆಲ್ಲ ಉರಿ. ಅಡುಗೆ, ಹಟ್ಟಿ, ಬಾವಿ ಎಲ್ಲ ಅವಳ ತಲೆಯ ಮೇಲೆ. ಮದುವೆಯಾಗಿ ಎಂಟು ವರ್ಷವಾದರೂ ಮಕ್ಕಳಾಗಿಲ್ಲವೆಂಬ ಮಾತನ್ನೂ ಅತ್ತೆಯಿಂದ ಆಗಾಗ ಕೇಳಿಸಿಕೊಳ್ಳಬೇಕು.

"ಇರುವವರಿಗೆ ಒಂದು ತುಂಡು ಸಾಲುವುದಿಲ್ಲ, ಇಲ್ಲದವನಿಗೆ ತಲೆಭಾಗ" ಎಂದು ಒಂದು ದಿನ ಸಾರು ಬಡಿಸುತ್ತ ಅವಳು ಅಂದುಬಿಟ್ಟಳು.

ಕಾನ್ಸೆಪ್ಟಾಬಾಯಿಯ ಕೈ ಬಟ್ಟಲಲ್ಲೇ ನಿಂತಿತು. "ಎಂತ ಹೇಳಿದ್ದು?"

"ಎಂತ ಇಲ್ಲ."

"ಇಲ್ಲದವನು ಯಾರು? ಜೋಕಿಮ್, ನಿನ್ನ ಹೆಂಡತಿ ಯಾರನ್ನು ಇಲ್ಲದವನು ಅಂತ ಹೇಳಿದ್ದು?"

ಜೋಕಿಮ್ ಅನ್ನ ಕಲಸುತ್ತಿದ್ದ. "ಮಾಯ್, ಊಟ ಮಾಡಿ. ನನಗೆ ಶಾಲೆಗೆ ಹೊತ್ತಾಯಿತು."

"ನಿನಗೆ ಯಾವಾಗಲೂ ಶಾಲೆಗೆ ಹೊತ್ತು."

ಆನಿ ಸೌಟನ್ನು ಪಾತ್ರೆಯೊಳಗೆ ಬಿಟ್ಟು ಅಡುಗೆಮನೆಗೆ ಹೋದಳು. ಸೋಫಿಯಾ ತಲೆ ತಗ್ಗಿಸಿ ಉಂಡಳು. ಪಕ್ಕದ ಖಾಲಿ ಮಣೆಯ ಕಡೆಗೆ ಅವಳು ನೋಡುತ್ತಿರಲಿಲ್ಲ. ನೋಡಿದರೆ ಅಲ್ಲಿ ಯಾರೋ ಕೂತು ಅವಳು ಉಣ್ಣುವುದನ್ನೇ ನೋಡುತ್ತಿರುವ ಹಾಗೆ ಅನಿಸುತ್ತಿತ್ತು. ಅದಕ್ಕಿಂತ ದೊಡ್ಡ ಹೆದರಿಕೆ ಬೇರೆ ಇತ್ತು. ಅದನ್ನು ಅವಳು ಪಾಪನಿವೇದನೆಯಲ್ಲೂ ಹೇಳಿರಲಿಲ್ಲ. ಗಂಡನ ಮುಖ ಅವಳಿಗೆ ಮರೆತುಹೋಗಿತ್ತು. ಗೋಡೆಯ ಮೇಲಿನ ಮದುವೆಯ ಪಟದಲ್ಲಿ ಕೋಟು ಹಾಕಿ ನಿಂತವನನ್ನು ಗುರುತಿಸುತ್ತಿದ್ದಳು. ಆದರೆ ಕಣ್ಣು ಮುಚ್ಚಿದರೆ ಕೋಟು ಮಾತ್ರ ಬರುತ್ತಿತ್ತು, ಮುಖ ಬರುತ್ತಿರಲಿಲ್ಲ.

ಜಡಿಮಳೆ ಹಿಡಿದಾಗ ಗಿಡದ ಚಟ್ಟಿಯನ್ನು ಜಗಲಿಯಿಂದ ಒಳಗಿನ ಚಾವಡಿಗೆ ತಂದಿಟ್ಟರು. ಚಾವಡಿಯಲ್ಲಿ ಹಗಲಲ್ಲೂ ಮಬ್ಬು. ಹಸಿರು ಕುಡಿಗಳು ಒಂದರ ಹಿಂದೊಂದು ಬರತೊಡಗಿದವು. ಮಧ್ಯಾಹ್ನ ಅತ್ತೆ ಅಡ್ಡಾದಾಗ ಸೋಫಿಯಾ ಕತ್ತರಿ ಹಿಡಿದು ಬರುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ಬಂದು ನೋಡಿದಾಗ, ಹಿಂದಿನ ದಿನ ಎಲೆ ಬಿಚ್ಚಿಲ್ಲವೆಂದು ಬಿಟ್ಟಿದ್ದ ಕುಡಿ ಅಲ್ಲಿರಲಿಲ್ಲ. ಬುಡದಲ್ಲಿ ಹೊಸ ಗಾಯ. ಓರೆಯಾಗಿ, ನಯವಾಗಿ ಕತ್ತರಿಸಿತ್ತು. ಎಡ್ಮಂಡ್ ಹಾಗೆಯೇ ಓರೆಯಾಗಿ ಕತ್ತರಿಸುತ್ತಿದ್ದ. ಅವಳು ಕತ್ತರಿಸುತ್ತಿದ್ದದ್ದು ನೇರ.

ಸೋಫಿಯಾ ಅಲ್ಲಿಯೇ ಕೂತುಬಿಟ್ಟಳು. ಹೊರಗೆ ಮಳೆ ಸುರಿಯುತ್ತಿತ್ತು. ಆನಿ ಹಟ್ಟಿಯಲ್ಲಿದ್ದಳು, ಜೋಕಿಮ್ ಶಾಲೆಯಲ್ಲಿ, ಅತ್ತೆಯ ಕೋಣೆಯಿಂದ ಗೊರಕೆ. ಚಾವಡಿಯಲ್ಲಿ ಎಡ್ಮಂಡ್ ಸೇದುತ್ತಿದ್ದ ಸಿಗರೇಟಿನ ವಾಸನೆ ಬಂದ ಹಾಗಾಯಿತು. ಇಲ್ಲ, ಒದ್ದೆ ಗೋಡೆಯ ವಾಸನೆ ಎಂದು ಹೇಳಿಕೊಂಡಳು. ಆದರೂ ತಿರುಗಿ ನೋಡುವ ಧೈರ್ಯ ಆಗಲಿಲ್ಲ. ಹಿಂದೆ ನಿಂತವನು ಮುಖ ತೋರಿಸಿದರೆ, ಆ ಮುಖ ತನಗೆ ಗುರುತು ಸಿಗದಿದ್ದರೆ?

ಹಾಗೆ ಮತ್ತೆ ಮತ್ತೆ ಆಯಿತು. ಅವಳು ಬಿಟ್ಟದ್ದು ಮಾರನೆಯ ದಿನ ಇರುತ್ತಿರಲಿಲ್ಲ. ಅವಳು ಮಾತ್ರ ಯಾರನ್ನೂ ಕೇಳಲಿಲ್ಲ. ಕೇಳಿದರೆ ತಾನು ಕತ್ತರಿಸುತ್ತಿರುವುದೂ ಹೊರಗೆ ಬೀಳುತ್ತಿತ್ತು.

ಅಷ್ಟರಲ್ಲಿ ಮೀನು ತೊಳೆದ ನೀರಿನ ಜಗಳ ಆಯಿತು. ಬಾಳೆ ಬುಡಕ್ಕೆ ಹೊಯ್ಯಬೇಕಾದ ನೀರನ್ನು ಆನಿ ತಂದು ಚಟ್ಟಿಗೆ ಹೊಯ್ಯುವಾಗ ಅತ್ತೆಯ ಕಣ್ಣಿಗೆ ಬಿದ್ದಳು.

"ನಿನಗೆ ಗೊತ್ತಿಲ್ಲವಾ? ಅದಕ್ಕೆ ಗೊಬ್ಬರ ಆಗುವುದಿಲ್ಲ ಅಂತ ಅವನು ಹೇಳಲಿಲ್ಲವಾ?" ಕಾನ್ಸೆಪ್ಟಾಬಾಯಿ ಕೂಗಿದ್ದು ರಸ್ತೆಗೆ ಕೇಳಿಸುವಂತಿತ್ತು.

"ಗೊತ್ತುಂಟು."

"ಗೊತ್ತಿದ್ದೂ ಹೊಯ್ದೆಯಾ?"

"ಹೌದು, ಹೊಯ್ದೆ. ಮೊನ್ನೆಯೂ ಹೊಯ್ದಿದ್ದೇನೆ. ಹಸಿರಾಗಲಿ ಅಂತಲೇ ಹೊಯ್ದದ್ದು." ಆನಿ ಖಾಲಿ ಪಾತ್ರೆಯನ್ನು ಸೊಂಟಕ್ಕೆ ಒತ್ತಿ ಹಿಡಿದಿದ್ದಳು. "ಒಂದು ಗಿಡ ಎಲ್ಲ ಗಿಡಗಳ ಹಾಗೆ ಇರಬಾರದಾ ಮಾಯ್? ಈ ಮನೆಯಲ್ಲಿ ಒಂದು ಹಬ್ಬ ಇಲ್ಲ, ನಗು ಇಲ್ಲ. ಇವಳನ್ನು ನೋಡಿ," ಎಂದು ಸೋಫಿಯಾಳ ಕಡೆ ಕೈ ಮಾಡಿದಳು. "ಇಪ್ಪತ್ತನಾಲ್ಕು ವರ್ಷ. ಗಂಡ ಉಂಟು ಅಂತ ಹೇಳಲೂ ಆಗುವುದಿಲ್ಲ, ಇಲ್ಲ ಅಂತ ಅಳಲೂ ನೀವು ಬಿಡುವುದಿಲ್ಲ. ಇವಳು ಎಂತ, ಚಟ್ಟಿಯಲ್ಲಿ ನೆಟ್ಟದ್ದಾ?"

"ಸೋಫಿ ಹೇಳಲಿ. ಬಾಯೆ, ನೀನು ಹೇಳು. ಅವನು ಉಂಟಾ ಇಲ್ಲವಾ?"

ಇಬ್ಬರೂ ಅವಳನ್ನೇ ನೋಡುತ್ತಿದ್ದರು. ಅತ್ತೆಯ ಕತ್ತಿನ ನರ ಎದ್ದು ನಿಂತಿತ್ತು.

"ಉಂಟು ಮಾಯ್" ಎಂದಳು ಸೋಫಿಯಾ.

ಆನಿ ಅವಳನ್ನು ಒಂದು ಕ್ಷಣ ನೋಡಿ, "ಹಾಗಾದರೆ ನೀನೇ ನೀರು ಹೊಯ್ಯು" ಎಂದು ಒಳಗೆ ಹೋದಳು. ಆ ವಾರವೆಲ್ಲ ಅವಳು ಸೋಫಿಯಾಳ ಜೊತೆ ಮಾತಾಡಲಿಲ್ಲ.

ಮೊಂತಿ ಹಬ್ಬಕ್ಕೆ ಹೊಸ ತೆನೆ ಮನೆಗೆ ಬಂದ ಮಾರನೆಯ ದಿನ ಕಾರ್ಕಳದಿಂದ ಸೋಫಿಯಾಳ ಅಣ್ಣ ವ್ಯಾಲೆಂಟೈನ್ ಬಂದ. ಬೆಲ್ಲ ಹಾಕಿದ ಹೊಸಕ್ಕಿಯ ಪಾಯಸ ಕುಡಿದು, ಬಾಯಿ ಒರೆಸಿಕೊಂಡು ವಿಷಯ ತೆಗೆದ.

"ಮಣಿಪಾಲದ ಗುಡ್ಡೆಯಲ್ಲಿ ದೊಡ್ಡ ಆಸ್ಪತ್ರೆ ಆಗಿದೆ ಅಲ್ವಾ? ಅಲ್ಲಿ ಹೊಲಿಗೆ ಕೋಣೆಗೆ ಹೆಂಗಸರು ಬೇಕಂತೆ. ಹಾಸಿಗೆ ಬಟ್ಟೆ, ನರ್ಸುಗಳ ಬಟ್ಟೆ ಹೊಲಿಯುವುದು. ಇರಲಿಕ್ಕೆ ಕೋಣೆ ಕೊಡ್ತಾರೆ. ಸೋಫಿಗೆ ಮಿಶಿನು ಚೆನ್ನಾಗಿ ಬರ್ತದೆ. ನಮ್ಮ ಊರಿನ ಸಿಸ್ಟರ್ ಒಬ್ಬರು ಹೇಳ್ತೇನೆ ಅಂದಿದ್ದಾರೆ."

ಜೋಕಿಮ್, "ಒಳ್ಳೆಯ ವಿಷಯವೇ" ಎಂದು ಶುರು ಮಾಡಿ ತಾಯಿಯ ಮುಖ ನೋಡಿ ನಿಲ್ಲಿಸಿದ.

"ಅವನು ಬಂದಾಗ ಹೆಂಡತಿ ಎಲ್ಲಿ ಅಂತ ಕೇಳಿದರೆ ನಾನು ಎಂತ ಹೇಳಲಿ? ಆಸ್ಪತ್ರೆಯಲ್ಲಿ ಬಟ್ಟೆ ಹೊಲಿಯುತ್ತಾಳೆ ಅಂತ ಹೇಳಲಾ?" ಕಾನ್ಸೆಪ್ಟಾಬಾಯಿ ಎದ್ದಳು. "ನೋಡು ವ್ಯಾಲೆಂಟೈನ್, ಬಾ ಇಲ್ಲಿ." ಅವನ ಕೈ ಹಿಡಿದು ಗಿಡದ ಹತ್ತಿರ ಕರೆದುಕೊಂಡು ಹೋದಳು. ಹೊಸತಾಗಿ ಬಿಚ್ಚಿದ ಎಲೆ ತುದಿಯಿಂದ ತೊಟ್ಟಿನವರೆಗೆ ಬಿಳಿ. ಒಂದು ಚುಕ್ಕೆ ಹಸಿರಿಲ್ಲ. "ಇದು ಸುಳ್ಳು ಹೇಳ್ತದಾ?"

ವ್ಯಾಲೆಂಟೈನ್ ಎಲೆಯನ್ನು ನೋಡಿದ, ತಂಗಿಯನ್ನು ನೋಡಿದ. ಹೋಗುವಾಗ ಗೇಟಿನ ಹತ್ತಿರ ಮೆಲ್ಲಗೆ ಕೇಳಿದ. "ನಿನಗೆ ಮನಸ್ಸು ಉಂಟಾ?"

"ಈಗ ಬೇಡ ಅಣ್ಣ. ನಾನು ಹೋದರೆ ಮಾಯ್ ಊಟ ಬಿಡ್ತಾರೆ."

"ನಿನ್ನನ್ನು ಕೇಳಿದ್ದು ನಾನು."

ಬಸ್ಸು ಬಂತು, ಅವನು ಹತ್ತಿದ.

ಮಳೆ ತಗ್ಗಿ ಚಟ್ಟಿ ಮತ್ತೆ ಜಗಲಿಗೆ ಬಂತು. ಆಗಲೇ ಗಿಡದ ರೂಪ ಬದಲಾಗಿತ್ತು. ಹಸಿರು ಕುಡಿಯೊಂದೂ ಉಳಿಯದೆ, ಹಳೆಯ ಚುಕ್ಕೆಯೆಲೆಗಳೂ ಒಂದೊಂದಾಗಿ ಉದುರಿ, ಬರುವ ಎಲೆಯೆಲ್ಲ ಬಿಳಿ. ಬಿಸಿಲಲ್ಲಿ ಅವು ಮೇಣದ ಹಾಗೆ ಕಾಣುತ್ತಿದ್ದವು. ಆಚೆಯಿಂದ ಬೆರಳು ಹಿಡಿದರೆ ಈಚೆಗೆ ನೆರಳು ತೋರುತ್ತಿತ್ತು. ಸುದ್ದಿ ಹರಡಿ ಬಂಟಕಲ್ಲು, ಬೆಳ್ಮಣ್ಣುಗಳಿಂದಲೂ ಜನ ನೋಡಲು ಬಂದರು. ಒಬ್ಬ ಮುದುಕಿ ಶಿಲುಬೆಯ ಗುರುತು ಮಾಡಿಕೊಂಡಳು. ಇನ್ನೊಬ್ಬಳು, "ಹೆಣಕ್ಕೆ ಹೊದಿಸುವ ಬಟ್ಟೆಯ ಬಣ್ಣ ಮಾರಾಯ್ತಿ" ಎಂದು ಪಿಸುಗುಟ್ಟಿದ್ದನ್ನು ಸೋಫಿಯಾ ಕೇಳಿಸಿಕೊಂಡಳು.

ಆಮೇಲೆ ಆ ಎಲೆಗಳ ಅಂಚು ಕಂದಲು ಶುರುವಾಯಿತು. ನೀರು ಹಾಕಿದರೂ ಕಂದಿತು, ಹಾಕದಿದ್ದರೂ ಕಂದಿತು. ಹೊಸ ಕುಡಿ ಹೊರಡುವುದು ನಿಂತಿತು. ಕಾನ್ಸೆಪ್ಟಾಬಾಯಿ ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಜಗಲಿಗೆ ಹೋಗಿ ಅದರ ಮುಂದೆ ಕೂರುತ್ತಿದ್ದಳು. ಗಂಜಿಗೆ ಕರೆದರೆ, "ಬರ್ತೇನೆ" ಎನ್ನುತ್ತಿದ್ದಳು, ಬರುತ್ತಿರಲಿಲ್ಲ. ಕೆನ್ನೆಯ ಮೂಳೆ ಕಾಣತೊಡಗಿತು. ಸೋಫಿಯಾ ತುತ್ತು ಕಲಸಿ ಜಗಲಿಗೇ ತಂದು ಕೊಡುತ್ತಿದ್ದಳು.

ಅಕ್ಟೋಬರದ ಒಂದು ಬೆಳಿಗ್ಗೆ ಸೋಫಿಯಾ ಪೂಜೆಗೆ ಹೊರಟವಳು ಜಪಮಾಲೆ ಮರೆತು ಅರ್ಧ ದಾರಿಯಿಂದ ಹಿಂದೆ ಬಂದಳು. ಅಂಗಳದಲ್ಲಿ ಅತ್ತೆಯ ಬೆನ್ನು ಕಂಡಿತು. ಕಾನ್ಸೆಪ್ಟಾಬಾಯಿ ಚಟ್ಟಿಯ ಮುಂದೆ ಕುಕ್ಕುರುಗಾಲಿನಲ್ಲಿ ಕೂತಿದ್ದಳು. ಕೈಯಲ್ಲಿ ವೀಳ್ಯದ ತಟ್ಟೆಯ ಅಡಕತ್ತರಿ. ಗಿಡದ ಬುಡದಲ್ಲಿ, ಮಣ್ಣಿನ ಅಂಚಿನಲ್ಲಿ, ಅಕ್ಕಿಕಾಳಿನಷ್ಟು ಹಸಿರೊಂದು ಎದ್ದಿತ್ತು. ಅದನ್ನು ಅವಳು ಅಡಕತ್ತರಿಯ ಬಾಯಿಗೆ ಸಿಕ್ಕಿಸಿ, ಓರೆಯಾಗಿ, ಮೆಲ್ಲಗೆ ಕತ್ತರಿಸಿದಳು.

"ಮಾಯ್" ಎಂದಳು ಸೋಫಿಯಾ.

ಕಾನ್ಸೆಪ್ಟಾಬಾಯಿ ತಿರುಗಲಿಲ್ಲ. ಕತ್ತರಿಸಿದ ಚೂರನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ನೀವಾ?"

"ಮತ್ತೆ ಯಾರು ಅಂದುಕೊಂಡೆ?"

ಸೋಫಿಯಾ ಮೆಟ್ಟಿಲಲ್ಲಿ ಕೂತಳು. "ನಾನು... ಅವರೇ ಅಂತ ಅಂದುಕೊಂಡಿದ್ದೆ. ಮಳೆಗಾಲವಿಡೀ ನಾನು ಹೆದರಿ ಸತ್ತಿದ್ದೇನೆ ಮಾಯ್." ಅತ್ತೆಯ ಕೈಯ ಅಡಕತ್ತರಿ ನೋಡುತ್ತ ಹೇಳಿದಳು. "ನಾನೂ ಕತ್ತರಿಸ್ತಾ ಇದ್ದೆ."

"ಗೊತ್ತುಂಟು. ನಿನ್ನದು ನೇರ ಇರ್ತದೆ."

"ಗೊತ್ತಿದ್ದೂ ನೀವು..." ಸೋಫಿಯಾಳ ಧ್ವನಿ ಏರಿತು. ಆ ಮನೆಗೆ ಬಂದ ಮೇಲೆ ಅವಳ ಧ್ವನಿ ಏರಿದ್ದು ಅದೇ ಮೊದಲು. "ಹಸಿರಾದರೆ ನೀವು ಅನ್ನ ಬಿಡ್ತೀರಿ ಅಂತ ನಾನು ಕಳ್ಳಿಯ ಹಾಗೆ ಕತ್ತರಿಸಿದೆ. ನೀವು ಯಾಕೆ ಕತ್ತರಿಸಿದ್ದು? ಅದು ತಾನಾಗಿ ಬಿಳಿ ಇದ್ದರೆ ತಾನೇ ನಿಮ್ಮ ಲೆಕ್ಕದಲ್ಲಿ ಅವರು ಇರುವುದು? ನೀವೇ ಕತ್ತರಿಸಿದರೆ ಅದಕ್ಕೆ ಎಂತ ಅರ್ಥ?"

ಗಲಾಟೆ ಕೇಳಿ ಆನಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಜೋಕಿಮ್ ಅಂಗಿಯ ಗುಂಡಿ ಹಾಕುತ್ತ ಬಾಗಿಲಲ್ಲಿ ನಿಂತ.

ಕಾನ್ಸೆಪ್ಟಾಬಾಯಿ ಕೊನೆಗೂ ತಿರುಗಿದಳು. ಅತ್ತಿರಲಿಲ್ಲ. "ಅವನು ಇಲ್ಲ ಅಂತ ನನಗೆ ತಂತಿ ಬಂದ ದಿವಸವೇ ಗೊತ್ತು" ಎಂದಳು. "ಹೆತ್ತವಳಿಗೆ ಗೊತ್ತಾಗುವುದಿಲ್ಲವಾ? ತಂತಿಗಿಂತ ಮೊದಲೇ ಗೊತ್ತಿತ್ತು. ಎದೆಯಲ್ಲಿ ಹಾಲು ಬತ್ತಿದ ಹಾಗೆ ಆಗಿತ್ತು, ಈ ವಯಸ್ಸಿನಲ್ಲಿ."

"ಹಾಗಾದರೆ ಯಾಕೆ ಮಾಯ್?" ಜೋಕಿಮ್ ಕೇಳಿದ.

"ಇವಳು ಹೋಗ್ತಾಳೆ ಅಂತ." ಅವಳು ಸೋಫಿಯಾಳನ್ನು ತೋರಿಸಿದಳು. "ಅವನು ಇಲ್ಲ ಅಂತ ನಾನು ಹೇಳಿದ ದಿವಸ ಇವಳ ಅಣ್ಣ ಬಂದು ಕರೆದುಕೊಂಡು ಹೋಗ್ತಾನೆ. ಮತ್ತೆ ಈ ಮನೆಯಲ್ಲಿ ಅವನ ಹೆಸರು ಯಾರು ಹೇಳ್ತಾರೆ? ನೀನು ಹೇಳ್ತೀಯಾ? ತಂತಿ ಬಂದ ಮೇಲೆ ತಮ್ಮ ಅಂತ ಒಂದು ಸಲ ನಿನ್ನ ಬಾಯಿಯಲ್ಲಿ ಬಂದಿದೆಯಾ?"

ಜೋಕಿಮ್ ಗುಂಡಿ ಹಾಕುವುದನ್ನು ನಿಲ್ಲಿಸಿದ. ಅವನ ಮುಖ ವಿಕಾರವಾಯಿತು. "ಹೇಳಿದರೆ ನಿಲ್ಲಿಸಲಿಕ್ಕೆ ಆಗುವುದಿಲ್ಲ ಅಂತ ಹೇಳುವುದಿಲ್ಲ ಮಾಯ್" ಎಂದ. ಬಾಗಿಲ ಚೌಕಟ್ಟಿಗೆ ಹಣೆ ಕೊಟ್ಟು, ಶಾಲೆಗೆ ಹೋಗುವ ಬಿಳಿ ಪಂಚೆಯಲ್ಲೇ, ನಲವತ್ತು ವರ್ಷದ ಮಾಸ್ತರ ಚಿಕ್ಕವನ ಹಾಗೆ ಅತ್ತ. ಆನಿ ಹಿಟ್ಟಿನ ಕೈಯನ್ನು ಅವನ ಬೆನ್ನ ಮೇಲೆ ಇಟ್ಟಳು. ಅಂಗಿಯಲ್ಲಿ ಐದು ಬೆರಳಿನ ಗುರುತು ಬಿತ್ತು.

ಆ ದಿನ ಯಾರೂ ಗಂಜಿ ಕುಡಿಯಲಿಲ್ಲ. ಮಧ್ಯಾಹ್ನ ಆನಿ ಎಲ್ಲರಿಗೂ ಬೈದು ಬೈದು ಉಣ್ಣಿಸಿದಳು. "ಸತ್ತವನಿಗಾಗಿ ನಾಲ್ಕು ಜನ ಸಾಯುವುದು ಬೇಡ. ಏಳಿ" ಎಂದಳು. ಸತ್ತವನು ಎಂಬ ಮಾತು ಆ ಮನೆಯೊಳಗೆ ಗಟ್ಟಿಯಾಗಿ ಕೇಳಿಸಿದ್ದು ಅದೇ ಮೊದಲು. ಯಾರೂ ಅವಳನ್ನು ತಡೆಯಲಿಲ್ಲ.

ಹಸಿರಿಲ್ಲದೆ ಗಿಡ ಉಳಿಯಲಿಲ್ಲ. ಬಿಳಿ ಎಲೆಗಳು ಕಂದಿ, ಒಣಗಿದ ಈರುಳ್ಳಿ ಸಿಪ್ಪೆಯ ಹಾಗೆ ಕೋಲಿಗೆ ಅಂಟಿಕೊಂಡವು. ಕಡೆಗೆ ಜೋಕಿಮನೇ ಅದನ್ನು ಕಿತ್ತು ಬಿಸಾಡಲು ಹಟ್ಟಿಯ ಹಿಂದಕ್ಕೆ ಹೋದ. ಹೋದವನು ಅಲ್ಲಿಂದಲೇ ಎಲ್ಲರನ್ನೂ ಕೂಗಿದ.

ಸೋಫಿಯಾ ಎಸೆದಿದ್ದ ತುಂಡುಗಳು ಗೊಬ್ಬರದ ಗುಂಡಿಯ ಅಂಚಿನಲ್ಲಿ ಬೇರು ಬಿಟ್ಟಿದ್ದವು. ಬಿಟ್ಟದ್ದಷ್ಟೇ ಅಲ್ಲ, ಪಕ್ಕದ ತೆಂಗಿನ ಮರವನ್ನು ಆಳೆತ್ತರಕ್ಕೆ ಹಬ್ಬಿಬಿಟ್ಟಿದ್ದವು. ಎಲೆಗಳು ಅಂಗೈಗಿಂತ ದೊಡ್ಡವು, ಅಚ್ಚಹಸಿರು. ಎಲ್ಲೂ ಒಂದು ಬಿಳಿ ಗೆರೆಯಿಲ್ಲ. ನಾಲ್ವರೂ ನಿಂತು ನೋಡಿದರು. ತಾನು ಇಷ್ಟು ದಿನ ಹೆದರುತ್ತ ಕತ್ತರಿಸಿದ್ದು ಇದನ್ನೇ ಎಂದು ಸೋಫಿಯಾಳಿಗೆ ನಂಬಲಾಗಲಿಲ್ಲ. ಗಾಳಿಗೆ ಎಲೆಗಳು ಒಂದಕ್ಕೊಂದು ತಾಗಿ, ಪಕ್ಕದ ಕೋಣೆಯಲ್ಲಿ ಯಾರೋ ಮೆಲ್ಲಗೆ ಮಾತಾಡಿದ ಹಾಗೆ ಸದ್ದಾಗುತ್ತಿತ್ತು.

"ಕಡಿಯುವುದಾ?" ಆನಿ ಕೇಳಿದಳು.

"ಇರಲಿ" ಎಂದಳು ಕಾನ್ಸೆಪ್ಟಾಬಾಯಿ. ಆಮೇಲೆ ಆ ಕಡೆಗೆ ಅವಳು ಹೋಗಲಿಲ್ಲ.

ನವೆಂಬರ ಎರಡು, ಸತ್ತವರ ದಿನ. ಶಿರ್ವದ ಸಿಮೆತ್ರಿಯಲ್ಲಿ ಎಲ್ಲರೂ ತಮ್ಮ ತಮ್ಮವರ ಗೋರಿಗೆ ಸುಣ್ಣ ಬಳಿದು, ಹೂವಿಟ್ಟು ಮೇಣದಬತ್ತಿ ಹಚ್ಚಿದ್ದರು. ಬೆಳಗ್ಗಿನ ಪೂಜೆಯಲ್ಲಿ ಪಾದ್ರಿಗಳು ಎಡ್ಮಂಡನ ಹೆಸರು ಓದಿದರು. ಹೇಳಿಸಿದವಳು ಕಾನ್ಸೆಪ್ಟಾಬಾಯಿಯೇ. ಪೂಜೆ ಮುಗಿದ ಮೇಲೆ ಗಂಡನ ಗೋರಿಗೆ ಬತ್ತಿ ಹಚ್ಚಿ, ಕೈಯಲ್ಲಿ ಉಳಿದ ಇನ್ನೊಂದನ್ನು ಏನು ಮಾಡಬೇಕೆಂದು ತಿಳಿಯದೆ ಅವಳು ನಿಂತುಬಿಟ್ಟಳು.

"ಇವನಿಗೆ ಎಲ್ಲಿ ಇಡುವುದು?" ಎಂದು ಸೋಫಿಯಾಳನ್ನು ಕೇಳಿದಳು.

ಸೋಫಿಯಾ ಯೋಚಿಸಿ, "ಕಾಪುವಿನ ಕಡಲಿಗೆ ಹೋಗುವ ಮಾಯ್" ಎಂದಳು.

ಅತ್ತೆ ಸೊಸೆ ಇಬ್ಬರೂ ಬಸ್ಸು ಹತ್ತಿ ಕಾಪುವಿನಲ್ಲಿ ಇಳಿದು, ತೆಂಗಿನ ತೋಟಗಳ ನಡುವಿನ ದಾರಿಯಲ್ಲಿ ನಡೆದರು. ಕಾನ್ಸೆಪ್ಟಾಬಾಯಿ ಸಮುದ್ರ ನೋಡಿ ಯಾವ ಕಾಲವಾಗಿತ್ತೋ. ದೀಪಸ್ತಂಭದ ಬಂಡೆ ಕಾಣಿಸಿದ್ದೇ ಅವಳ ನಡಿಗೆ ನಿಧಾನವಾಯಿತು. ದಡದ ಹೊಯಿಗೆಯ ಮೇಲೆ ಮೀನು ಒಣಹಾಕಿದ್ದರು. ಬಿಸಿಲು, ಕಾಗೆ, ಉಪ್ಪಿನ ವಾಸನೆ. ಸೋಫಿಯಾ ಕಡ್ಡಿ ಗೀರಿದಳು, ಗಾಳಿಗೆ ಆರಿತು. ಮತ್ತೆ ಗೀರಿದಳು, ಮತ್ತೆ ಆರಿತು.

ಮೀನು ಮಗುಚುತ್ತಿದ್ದ ಮೊಗವೀರರ ಹೆಂಗಸೊಬ್ಬಳು ನೋಡುತ್ತಿದ್ದವಳು ಎದ್ದು ಬಂದಳು. ಸರಸ ಎಂದು ಅವಳ ಹೆಸರು. ಮೇಲೆಳೆದಿಟ್ಟ ದೋಣಿಯೊಂದರ ಮರೆಯಲ್ಲಿ ಹೊಯಿಗೆ ಕೆದಕಿ ಗುಳಿ ಮಾಡಿ, ಬತ್ತಿಯನ್ನು ತಾನೇ ನೆಟ್ಟು, ಎರಡು ಕೈ ಅಡ್ಡ ಹಿಡಿದಳು. ಈ ಸಲ ಹತ್ತಿತು.

"ಯಾರಿಗೆ ಅಮ್ಮ?" ಎಂದು ತುಳುವಿನಲ್ಲಿ ಕೇಳಿದಳು.

"ಮಗನಿಗೆ. ಇವಳ ಗಂಡ. ಹಡಗಿನಲ್ಲಿ ಹೋದವನು ತೀರಿಕೊಂಡ. ಇಲ್ಲಿ ಅಲ್ಲ, ತುಂಬ ದೂರ."

"ದೂರ ಎಂತ ಬಂತು, ನೀರು ಒಂದೇ ಅಲ್ವಾ." ಸರಸ ದೋಣಿಗೆ ಒರಗಿ ಕೂತಳು. "ನನ್ನವನೂ ಹಾಗೆಯೇ. ದೋಣಿ ಬಂತು, ಅವನು ಬರಲಿಲ್ಲ."

ಕಾನ್ಸೆಪ್ಟಾಬಾಯಿ ಅವಳ ಪಕ್ಕದಲ್ಲಿ ಕೂತಳು. ಸಮುದ್ರದ ಕಡೆಗೆ ಕೈ ತೋರಿಸಿ ಕೇಳಿದಳು.

"ಇಲ್ಲಿಯೇ ಇದ್ದೀಯಲ್ಲ, ದಿನಾ ಇದನ್ನು ನೋಡಿಕೊಂಡು. ಹೆದರಿಕೆ ಆಗುವುದಿಲ್ಲವಾ?"

"ಆಗ್ತದೆ. ಆದರೆ ಬೇರೆ ಎಲ್ಲಿಗೆ ಹೋಗಿ ನೋಡುವುದು ಅಮ್ಮ, ಅವನನ್ನು?" ಎಂದಳು ಸರಸ. ಕಾಗೆಗಳು ಮೀನಿಗೆ ಎರಗಿದ್ದು ಕಂಡು ಹುಶ್ ಎನ್ನುತ್ತ ಎದ್ದು ಓಡಿದಳು.

ಕಾನ್ಸೆಪ್ಟಾಬಾಯಿ ನೀರಿನ ಕಡೆಗೇ ನೋಡುತ್ತ ಕೂತಿದ್ದಳು. ಆಮೇಲೆ, ಯಾವುದೋ ಮನೆಗೆಲಸ ಹೇಳುವ ಧ್ವನಿಯಲ್ಲಿ, "ನಿನ್ನ ಅಣ್ಣನಿಗೆ ಕಾಗದ ಹಾಕು ಬಾಯೆ. ಮಣಿಪಾಲದಲ್ಲಿ ಆ ಕೆಲಸ ಇನ್ನೂ ಉಂಟಾ ಅಂತ ಕೇಳು" ಎಂದಳು.

"ಮಾಯ್..."

"ನಾನು ಉಣ್ತೇನೆ. ಆನಿ ಬೈದು ಉಣ್ಣಿಸ್ತಾಳೆ. ಅವಳ ಬೈಗುಳ ಚೆನ್ನಾಗಿಯೇ ಉಂಟು." ಸೆರಗು ಸರಿಮಾಡಿಕೊಂಡಳು. "ಆಗಾಗ ಬಂದು ಹೋಗು. ಬಂದಾಗ ಅವನ ಮಾತು ಒಂದೆರಡು ಆಡುವ. ನೀನು ನೋಡಿದ್ದು ನನಗೆ ಹೇಳು, ನಾನು ನೋಡಿದ್ದು ನಿನಗೆ ಹೇಳ್ತೇನೆ."

ಸೋಫಿಯಾ ಬತ್ತಿಯ ಬುಡಕ್ಕೆ ಹೊಯಿಗೆ ಒತ್ತಿದಳು.

"ನನಗೆ ಅವರ ಮುಖ ನೆನಪಿಲ್ಲ ಮಾಯ್."

ಅತ್ತೆ ಬೈಯುತ್ತಾಳೆಂದು ಅವಳು ಕಾದಳು. ಕಾನ್ಸೆಪ್ಟಾಬಾಯಿ ಬೈಯಲಿಲ್ಲ. ಸೊಸೆಯ ಕೈಯನ್ನು ಎಳೆದು ತನ್ನ ಮಡಿಲಲ್ಲಿಟ್ಟುಕೊಂಡಳು.

"ಎಡಗಡೆ ಹುಬ್ಬಿನಲ್ಲಿ ಒಂದು ಕಲೆ" ಎಂದು ಶುರು ಮಾಡಿದಳು. "ಆರು ವರ್ಷದಲ್ಲಿ ಗೇರುಮರದಿಂದ ಬಿದ್ದದ್ದು. ಅಲ್ಲಿ ಕೂದಲು ಬರಲೇ ಇಲ್ಲ. ನಗುವಾಗ ಆ ಹುಬ್ಬು ಮೊದಲು ಮೇಲೆ ಹೋಗ್ತಿತ್ತು..."

ಬತ್ತಿ ಉರಿದು ಹೊಯಿಗೆಗೆ ತಾಗುವವರೆಗೂ ಅವಳು ಹೇಳುತ್ತಲೇ ಇದ್ದಳು. ಸೋಫಿಯಾ ಕಣ್ಣು ಮುಚ್ಚಿ ಕೇಳಿದಳು.